ಗೀರು ಆರಿಸುವುದನ್ನು ಕಲಿ, ತಮ್ಮಾ

ತಮ್ಮಾ, ಅಂಗಡಿಗೆ ಹೋಗಿ "ಒಂದು ಪಾಲಿಶ್ ಪೇಪರ್ ಕೊಡ್ರಿ" ಅಂತ ಕೇಳಬೇಡ. ಅಂಗಡಿಯವ ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ, ಅವನು ಕೊಟ್ಟಿದ್ದರಿಂದಲೇ ನೀನು ತಿಕ್ಕುತ್ತೀ. ಬಣ್ಣ ಒಣಗಿದ ಮೇಲೆ ಗೀರುಗಳು ಎದ್ದು ಕಂಡರೆ ಬಣ್ಣ ಹೊಡೆದವನನ್ನು ಬಯ್ಯುತ್ತೀ. ಅವನ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ಬಣ್ಣ ಯಾವ ಗೀರನ್ನೂ ಹೊಸದಾಗಿ ಹುಟ್ಟಿಸುವುದಿಲ್ಲ, ನೀನು ಬಿಟ್ಟು ಬಂದಿದ್ದನ್ನು ಹೊಳೆಸಿ ತೋರಿಸುತ್ತದೆ.

ನಿನ್ನ ಕೈ ಚಲೋ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಡೆದ ಫೈಬರ್ ಬಂಪರಿನ ಹಿಂದೆ ಮ್ಯಾಟ್ ಕೂರಿಸುವಾಗ ಒಂದು ಗಾಳಿಗುಳ್ಳೆಯನ್ನೂ ನೀನು ಬಿಡುವುದಿಲ್ಲ. ಎಪಾಕ್ಸಿಗೆ ಹಾರ್ಡನರ್ ಕಲಸುವಾಗ ಅಂದಾಜು ಮಾಡುವುದಿಲ್ಲ, ತೂಕ ಮಾಡುತ್ತೀ. ಬೆಳಗಾವಿಯ ಉದ್ಯಮಬಾಗಿನಲ್ಲಿ ಬಹಳ ಹುಡುಗರಿಗೆ ಈ ತಾಳ್ಮೆ ಇಲ್ಲ. ಆದರೆ ಎಪಾಕ್ಸಿ ಬಿಗಿದುಕೊಂಡಿತು ಅಂದಕೂಡಲೇ ನಿನ್ನ ತಾಳ್ಮೆ ಎಲ್ಲೋ ಓಡಿಹೋಗುತ್ತದೆ. ಇನ್ನು ಉಳಿದಿದ್ದು ತಿಕ್ಕುವ ಕೆಲಸ ತಾನೇ, ಯಾರಾದರೂ ಮಾಡಬಹುದು ಅನ್ನುವ ಮುಖ ಮಾಡುತ್ತೀ. ಕೆಲಸದ ಅರ್ಧ ಆಯುಷ್ಯ ಅಲ್ಲೇ ತೀರ್ಮಾನವಾಗುತ್ತದೆ.

ಒಂದು ಮಾತು ತಲೆಯಲ್ಲಿ ಇಟ್ಟುಕೋ. ಪಾಲಿಶ್ ಪೇಪರ್ ನುಣುಪು ಮಾಡುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಅದು ಮಾಡುವುದು ಗೀರುವುದನ್ನು. ಒರಟು ಕಾಗದ ಆಳವಾಗಿ ಗೀರುತ್ತದೆ, ಸಣ್ಣ ಕಾಗದ ತೆಳ್ಳಗೆ ಗೀರುತ್ತದೆ, ಇನ್ನೂ ಸಣ್ಣದು ಕಣ್ಣಿಗೆ ಕಾಣದಷ್ಟು ಗೀರುತ್ತದೆ. ಹಾಗಾಗಿ ಕಾಗದ ಆರಿಸುವಾಗ ನೀನು ಆರಿಸುವುದು ಗೀರನ್ನು. ತಿಕ್ಕಿದ ಜಾಗದ ಮೇಲೆ ಮುಂದೆ ಏನು ಬರುತ್ತದೆ, ಅದಕ್ಕೆ ಎಷ್ಟು ಆಳದ ಗೀರು ಬೇಕು ಎಂಬ ಪ್ರಶ್ನೆ ಮೊದಲು. ನಂಬರು ಆಮೇಲೆ.

ಎಪಾಕ್ಸಿಯ ಮೇಲೆ ಇನ್ನೊಂದು ಪದರ ಎಪಾಕ್ಸಿಯನ್ನೋ ಪುಟ್ಟಿಯನ್ನೋ ಹಾಕುವುದಿದ್ದರೆ 80ರ ಗೀರು ಬೇಕು. ಪೂರಾ ಬಿಗಿದ ಎಪಾಕ್ಸಿ ಹೊಸ ಎಪಾಕ್ಸಿಯೊಡನೆ ರಸಾಯನದಲ್ಲಿ ಬೆರೆಯುವುದಿಲ್ಲ, ಹೊಸದು ಆ ಗೀರುಗಳ ಒಳಗೆ ಇಳಿದು ಹಿಡಿದುಕೊಳ್ಳುತ್ತದೆ. ಅಲ್ಲಿ ನೀನು 320ರಿಂದ ಕನ್ನಡಿಯಂತೆ ಉಜ್ಜಿ ಇಟ್ಟರೆ ಹಿಡಿಯಲು ಜಾಗವೇ ಇಲ್ಲ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಪ್ಪಳೆ ಏಳುತ್ತದೆ. ಅದೇ ಜಾಗಕ್ಕೆ ಬಣ್ಣ ಬರುವುದಿದ್ದರೆ 80ರ ಗೀರು ಬಿಟ್ಟರೆ ಕೆಟ್ಟಿತು. ಅವಸರದವನು ಎರಡೂ ಕಡೆ ತಪ್ಪುತ್ತಾನೆ. ನುಣ್ಣಗೆ ಬೇಕಾದಲ್ಲಿ ಒರಟಾಗಿ ನಿಲ್ಲಿಸುತ್ತಾನೆ, ಒರಟು ಬೇಕಾದಲ್ಲಿ ನುಣ್ಣಗೆ ಮಾಡಿ ಹೆಮ್ಮೆಪಡುತ್ತಾನೆ.

ಕಾಗದಕ್ಕಿಂತ ಮುಂಚೆ ಇನ್ನೊಂದು ಸಂಗತಿ ಇದೆ. ಅದು ನಿನಗೆ ಸೇರುವುದಿಲ್ಲ, ಆದರೂ ಹೇಳುತ್ತೇನೆ. ಕಾಯಬೇಕು.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಆಷಾಢ ಶ್ರಾವಣದಲ್ಲಿ ಇಲ್ಲಿನ ತಂಪು ನಿನಗೆ ಗೊತ್ತೇ ಇದೆ. ಖಾನಾಪುರದ ಕಡೆ ಹೋದರೆ ಕೇಳಲೇಬೇಡ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯವರೆಗೆ ಬಟ್ಟೆ ಒಣಗುವುದೇ ಕಷ್ಟ. ಎಪಾಕ್ಸಿ ಡಬ್ಬಿಯ ಮೇಲೆ ಬರೆದ ಹೊತ್ತು ಸಾಮಾನ್ಯವಾಗಿ 25 ಡಿಗ್ರಿಗೆ ಲೆಕ್ಕ ಹಾಕಿದ್ದು. ಹತ್ತು ಡಿಗ್ರಿ ಇಳಿದರೆ ಬಿಗಿಯುವ ಹೊತ್ತು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಹಾಕಿ ಬೆಳಿಗ್ಗೆ ತಿಕ್ಕಿದ್ದನ್ನು ಜುಲೈನಲ್ಲೂ ಹಾಗೇ ಮಾಡಿದರೆ ಕಾಗದದ ತುಂಬ ಅಂಟು ಉಂಡೆ ಕಟ್ಟುತ್ತದೆ. ಆಗ ನೀನು "ಕಾಗದ ಬೋಗಸ್" ಅನ್ನುತ್ತೀ. ಕಾಗದ ಚಲೋ ಇತ್ತು, ಎಪಾಕ್ಸಿ ಇನ್ನೂ ಹಸಿ ಇತ್ತು.

ಹೇಗೆ ತಿಳಿಯುವುದು? ಉಗುರು ಒತ್ತಿ ನೋಡು. ಗುರುತು ಬಿದ್ದರೆ ಕಾಯಿ. ಬೀಳದಿದ್ದರೆ ಒಂದು ಮೂಲೆಯಲ್ಲಿ 80ರಿಂದ ಎರಡು ಸಲ ಎಳೆದು ನೋಡು. ಒಣ ಬಿಳಿ ಪುಡಿ ಉದುರಿದರೆ ಶುರು ಮಾಡು. ಪುಡಿ ಬದಲು ಸಿಂಬಿ ಸಿಂಬಿಯಾಗಿ ಸುರುಳಿ ಎದ್ದರೆ ಕಾಗದ ಕೆಳಗಿಟ್ಟು ಬೇರೆ ಕೆಲಸ ನೋಡು. ಎಪಾಕ್ಸಿ ಪೂರಾ ಗಟ್ಟಿಯಾಗಲು ಸಾಧಾರಣ ಬಿಸಿಲಿನಲ್ಲೂ ಒಂದು ವಾರದ ಹತ್ತಿರ ಹೋಗುತ್ತದೆ. ತಿಕ್ಕುವುದಕ್ಕೆ ಅಷ್ಟು ಬೇಡ, ಪುಡಿ ಬಂದರೆ ಸಾಕು. ಅರ್ಧ ಬಿಗಿದಾಗ, ಅಂದರೆ ಮೆತ್ತಗಿದ್ದೂ ಕೈಗೆ ಅಂಟದ ಹದದಲ್ಲಿ, ಹೆಚ್ಚಿಗೆ ಉಬ್ಬಿದ್ದನ್ನು ಹರಿತ ಬ್ಲೇಡಿನಿಂದ ಹೆರೆದುಬಿಡು. ಒಂದು ತಾಸು ಕಾಗದ ಮಾಡುವ ಕೆಲಸವನ್ನು ಆ ಹೊತ್ತಿನಲ್ಲಿ ಬ್ಲೇಡು ಐದು ನಿಮಿಷದಲ್ಲಿ ಮುಗಿಸುತ್ತದೆ. ಅರ್ಧ ಬಿಗಿದಾಗ ಬ್ಲೇಡು, ಪೂರಾ ಬಿಗಿದಾಗ ಕಾಗದ.

ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ. ಎಪಾಕ್ಸಿ ಬಿಗಿದ ಮೇಲೆ ಮುಟ್ಟಿದರೆ ಮೇಣ ಸವರಿದಂತೆ ಜಿಡ್ಡು ಹತ್ತುತ್ತದೆ, ನೋಡಿದ್ದೀಯಲ್ಲ? ಹಾರ್ಡನರಿನಲ್ಲಿರುವ ಅಮೈನ್, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ಕಟ್ಟುವ ಪೊರೆ ಅದು. ನೀನು ಅದರ ಮೇಲೇ ಕಾಗದ ಹಚ್ಚುತ್ತೀ. ಕಾಗದ ತುಂಬಿಕೊಳ್ಳುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಆ ಜಿಡ್ಡನ್ನು ನೀನೇ ಗೀರುಗಳ ಒಳಗೆ ತುರುಕಿಬಿಡುತ್ತೀ. ಮುಂದಿನ ಪದರ ಅದರ ಮೇಲೆ ಕೂಡುವುದಿಲ್ಲ. ಥಿನ್ನರ್ ಹಾಕಿ ಒರೆಸಿದರೂ ಅದು ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಅದು ಕರಗುವುದು ನೀರಿನಲ್ಲಿ. ಬಕೆಟ್ಟಿನಲ್ಲಿ ಶುದ್ಧ ನೀರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್, ಒಂದು ಒಣ ಅರಿವೆ. ತೊಳೆ, ಒರೆಸು, ಒಣಗಲು ಬಿಡು. ಆಮೇಲೆ ಕಾಗದ. ಥಿನ್ನರ್ ಡಬ್ಬಿಗೆ ಹೋಗುವ ನಿನ್ನ ಕೈಯನ್ನು ನೀರಿನ ಬಕೆಟ್ಟಿಗೆ ತಿರುಗಿಸಿದರೆ ಮಳೆಗಾಲದ ಅರ್ಧ ದೂರು ಮುಗಿಯುತ್ತದೆ.

ಬಂಪರು, ಟ್ಯಾಂಕಿ, ಶಿವಜಯಂತಿಯ ಚಿತ್ರರಥದ ಬೊಂಬೆಗಳು, ಇವೆಲ್ಲ ಬಹುಮಟ್ಟಿಗೆ ಪಾಲಿಯೆಸ್ಟರ್ ರೆಸಿನ್ನಿನವು. ಕೋಬಾಲ್ಟ್ ಹಾಕಿ ಹಾರ್ಡನರ್ ಹಾಕಿ ನೀವು ಕಲಸುತ್ತೀರಲ್ಲ, ಅದು. ಅದರ ಮೇಲ್ಮೈ ಅಂಟಂಟಾಗಿ ಉಳಿಯುವುದಕ್ಕೆ ಕಾರಣ ಬೇರೆ. ಗಾಳಿಯ ಆಮ್ಲಜನಕ ಮೇಲಿನ ಪದರವನ್ನು ಬಿಗಿಯಲು ಬಿಡುವುದಿಲ್ಲ. ಅಲ್ಲಿ ನೀರು ಕೆಲಸಕ್ಕೆ ಬಾರದು, ಅಸಿಟೋನ್ ಬೇಕು. ಯಾವುದು ಎಪಾಕ್ಸಿ, ಯಾವುದು ಪಾಲಿಯೆಸ್ಟರ್ ಅಂತ ತಿಳಿಯದೆ ಕಾಗದ ಎತ್ತಿಕೊಳ್ಳಬೇಡ. ಇನ್ನೊಂದು ನೆನಪಿರಲಿ. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ನೆಟ್ಟಗೆ ಹಿಡಿಯುವುದಿಲ್ಲ. ಎಷ್ಟೇ ಒರಟಾಗಿ ಗೀರಿದರೂ ಅಷ್ಟೇ.

ಈಗ ಕಾಳಿನ ಮಾತು. ಕಾಗದಕ್ಕೆ ಅಂಟಿಸಿದ ಕಾಳು ಯಾವುದು ಅಂತ ನೀನು ಎಂದಾದರೂ ಕೇಳಿದ್ದೀಯಾ? ಯಮನಾಪುರದ ಹಿಂಡಾಲ್ಕೋ ಕಾರ್ಖಾನೆಯ ಮುಂದೆ ದಿನಾ ಹಾಯುತ್ತೀ. ನಮ್ಮ ವಯಸ್ಸಿನವರು ಈಗಲೂ ಅದನ್ನು ಇಂಡಾಲ್ ಅನ್ನುತ್ತೇವೆ. ಅಲ್ಲಿ ಬಾಕ್ಸೈಟ್ ಕೆಂಪು ಮಣ್ಣಿನಿಂದ ಬಿಳಿ ಅಲ್ಯೂಮಿನಾ ಪುಡಿ ತೆಗೆಯುತ್ತಾರೆ. ನಿನ್ನ ಕಾಗದದ ಮೇಲಿನ ಅಲ್ಯೂಮಿನಿಯಂ ಆಕ್ಸೈಡ್ ಕಾಳೂ ಅದೇ ಕುಲದ್ದು. ಬಾಕ್ಸೈಟನ್ನೋ ಶುದ್ಧ ಅಲ್ಯೂಮಿನಾವನ್ನೋ ವಿದ್ಯುತ್ ಕುಲುಮೆಯಲ್ಲಿ 2000 ಡಿಗ್ರಿ ಮೀರಿ ಕರಗಿಸಿ, ತಣಿಸಿ, ಒಡೆದು, ಜರಡಿ ಹಿಡಿದು ಆ ಕಾಳು ಮಾಡುತ್ತಾರೆ. ಬಾಕ್ಸೈಟಿನಿಂದ ಬಂದದ್ದು ಕಂದು, ಶುದ್ಧ ಅಲ್ಯೂಮಿನಾದಿಂದ ಬಂದದ್ದು ಬಿಳಿ. ಗಟ್ಟಿತನದ ಮೋಸ್ ಅಳತೆಯಲ್ಲಿ ಅದು 9. ಗಾಜು ಹೆಚ್ಚೆಂದರೆ ಆರರ ಆಸುಪಾಸು.

ಇನ್ನೊಂದು ಕಾಳು ಸಿಲಿಕಾನ್ ಕಾರ್ಬೈಡ್. ಕಪ್ಪಗೆ ಮಿಣಮಿಣ ಹೊಳೆಯುವ ವಾಟರ್ ಪೇಪರಿನಲ್ಲಿ ಇರುವುದು ಅದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ವಿದ್ಯುತ್ತಿನಲ್ಲಿ ಕಾಯಿಸಿದಾಗ ಸಿಕ್ಕ ವಸ್ತು. ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿ, ಹರಿತವೂ ಹೆಚ್ಚು, ಆದರೆ ಪೆಡಸು. ಒತ್ತಿದರೆ ಒಡೆಯುತ್ತದೆ. ಒಡೆದಾಗ ಹೊಸ ಅಂಚು ಸಿಗುತ್ತದೆ ಎಂಬುದು ಅದರ ಗುಣ, ಬೇಗ ಸವೆದು ಮುಗಿಯುತ್ತದೆ ಎಂಬುದು ಅದರ ದೋಷ.

ಹಾಗಾದರೆ ಯಾವುದು ಎಲ್ಲಿಗೆ? ಗಾಜುನಾರು ಹೊರಗೆ ಕಾಣುವ ಜಾಗದಲ್ಲಿ, ಒಣಗಾಗಿ, ಮಷೀನಿನಿಂದ ತೆಗೆಯುವುದು ಬಹಳ ಇದ್ದರೆ ಅಲ್ಯೂಮಿನಿಯಂ ಆಕ್ಸೈಡ್ ಸಾಕು. ಜಿರ್ಕೋನಿಯಾ ಅಥವಾ ಸೆರಾಮಿಕ್ ಕಾಳಿನ ಡಿಸ್ಕು ಸಿಕ್ಕರೆ ಇನ್ನೂ ಒಳ್ಳೆಯದು. ಬೆಲೆ ಹೆಚ್ಚು, ಆದರೆ ಗಾಜು ಕಾಳನ್ನು ತಿನ್ನುವ ವೇಗ ನೋಡಿದರೆ ಆ ಹಣ ತಾನಾಗಿ ಹುಟ್ಟುತ್ತದೆ. ಬಣ್ಣದ ಮುಂಚಿನ ಸಣ್ಣ ಕೆಲಸಕ್ಕೆ, ನೀರು ಹಾಕಿ ಕೈಯಿಂದ ತಿಕ್ಕುವಲ್ಲಿ, ಸಿಲಿಕಾನ್ ಕಾರ್ಬೈಡ್. ಬಡಗಿಗಳ ಹಳೆಯ ಗಾಜಿನ ಕಾಗದವನ್ನು ಗಾಜುನಾರಿನ ಮೇಲೆ ಹಚ್ಚುವುದು ಗಾಜಿನಿಂದ ಗಾಜನ್ನು ತಿಕ್ಕುವ ವ್ಯವಹಾರ. ಅದನ್ನು ಸಾಗವಾನಿಗೆ ಬಿಡು.

ಕಾಳಿಗಿಂತ ಹೆಚ್ಚಾಗಿ ನಿನ್ನನ್ನು ಕಾಡುವುದು ಕಾಗದ ತುಂಬಿಕೊಳ್ಳುವ ರೋಗ. ಅದಕ್ಕೆ ಮದ್ದು ಎರಡು. ಒಂದು, ಕಾಳುಗಳನ್ನು ಬಿಡಿಬಿಡಿಯಾಗಿ ಅಂಟಿಸಿದ ಕಾಗದ. ಕಾಳುಗಳ ನಡುವಿನ ಜಾಗದಲ್ಲಿ ಪುಡಿ ಸಿಕ್ಕಿಕೊಳ್ಳದೆ ಉದುರುತ್ತದೆ. ಎರಡು, ಮೇಲೆ ಬಿಳಿಯಾಗಿ ಸೋಪಿನ ಪುಡಿಯಂತೆ ಸವರಿರುವ ಕಾಗದ. ಅದು ಸ್ಟಿಯರೇಟ್. ಒಣಗಾಗಿ ಎಪಾಕ್ಸಿ ತಿಕ್ಕುವುದಿದ್ದರೆ ಕೇಳಿ ಅದನ್ನೇ ತಗೋ. ತಿಕ್ಕಿದ ಮೇಲೆ ಮೇಲ್ಮೈಯನ್ನು ಚೆನ್ನಾಗಿ ಒರೆಸುವುದನ್ನು ಮಾತ್ರ ಮರೆಯಬೇಡ, ಆ ಬಿಳಿಯ ಪುಡಿ ಬಣ್ಣದ ಕೆಳಗೆ ಉಳಿಯಬಾರದು.

ತುಂಬಿಕೊಳ್ಳುವುದಕ್ಕೆ ಮೂಲ ಕಾರಣ ಬಹಳ ಸಲ ಬಿಸಿ. ಬಿಸಿ ಎಲ್ಲಿಂದ ಬಂತು? ನಿನ್ನ ಭುಜದಿಂದ. ಕೋಣೆಯ ತಾಪದಲ್ಲಿ ಬಿಗಿದ ಸಾಧಾರಣ ಎಪಾಕ್ಸಿ 50-60 ಡಿಗ್ರಿಗೆಲ್ಲ ಮೆತ್ತಗಾಗಲು ಶುರುಮಾಡುತ್ತದೆ. ನೀನು ಗ್ರೈಂಡರಿಗೆ ಡಿಸ್ಕು ಹಾಕಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತೀ. ಎರಡು ನಿಮಿಷದಲ್ಲಿ ಎಪಾಕ್ಸಿ ಮೆತ್ತಗಾಗಿ ಡಿಸ್ಕಿಗೆ ಹತ್ತುತ್ತದೆ, ಹತ್ತಿದ ಡಿಸ್ಕು ಕೊರೆಯುವ ಬದಲು ತಿಕ್ಕಾಡುತ್ತದೆ, ತಿಕ್ಕಾಡಿದಷ್ಟೂ ಬಿಸಿ ಏರುತ್ತದೆ. ಮೊಂಡ ಕುಡಗೋಲು ಹಿಡಿದು ಜೋಳ ಕೊಯ್ಯುವವನು ದಂಟನ್ನು ಬೇರುಸಹಿತ ಕೀಳುತ್ತಾನಲ್ಲ, ಅದೇ ನಿನ್ನ ಕಥೆ. ಗ್ರೈಂಡರು ಬೇಕಾದದ್ದು ಕೊಳೆತ ಫೈಬರ್ ಕಿತ್ತೆಸೆಯುವುದಕ್ಕೆ ಮಾತ್ರ. ಅಲ್ಲಿಂದ ಮುಂದೆ ಆರ್ಬಿಟಲ್ ಸ್ಯಾಂಡರ್, ಅದರ ಮೇಲೆ ಕೈಯ ತೂಕ ಮಾತ್ರ. ಹರಿತ ಕಾಳು ತಾನೇ ಕೊರೆಯುತ್ತದೆ. ಒತ್ತಬೇಕು ಅನ್ನಿಸಿದ ಗಳಿಗೆಯಲ್ಲಿ ಕಾಗದ ಸತ್ತಿದೆ ಅಂತ ತಿಳಿ, ಬದಲಿಸು. ಸತ್ತ ಕಾಗದ ಉಳಿಸಿ ಯಾರೂ ಸಾಹುಕಾರರಾಗಿಲ್ಲ. ನಿನ್ನ ಅರ್ಧ ತಾಸಿನ ಕೂಲಿಯ ಮುಂದೆ ಒಂದು ಹಾಳೆಯ ಬೆಲೆ ಏನು ಲೆಕ್ಕ?

ನಂಬರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಓದಿದವನು ನೀನು. ನಂಬರು ಏರಿದಂತೆ ಕಾಳು ಸಣ್ಣ. ಪಿ 80ರ ಕಾಳು ಸರಾಸರಿ 201 ಮೈಕ್ರಾನ್, ಪಿ 120 ಅಂದರೆ 125, ಪಿ 180 ಅಂದರೆ 82, ಪಿ 240 ಅಂದರೆ 58ರ ಮೇಲೆ, ಪಿ 400 ಅಂದರೆ 35. ಹಾಳೆಯ ಹಿಂದೆ ನಂಬರಿನ ಮುಂಚೆ ಪಿ ಅಕ್ಷರ ಇದೆಯೋ ಇಲ್ಲವೋ ನೋಡು. ಪಿ ಇದ್ದರೆ ಯುರೋಪಿನ ಅಳತೆ, ಇಲ್ಲದಿದ್ದರೆ ಬಹಳ ಸಲ ಅಮೆರಿಕದ್ದು. 220ರವರೆಗೆ ಎರಡೂ ಹತ್ತಿರ ಹತ್ತಿರ. ಆಮೇಲೆ ದಾರಿ ಬೇರೆ. ಅಮೆರಿಕದ 400ರ ಕಾಳು 24 ಮೈಕ್ರಾನಿನ ಹತ್ತಿರ, ಪಿ 400ಕ್ಕಿಂತ ಎಷ್ಟೋ ಸಣ್ಣದು. ಎರಡು ಅಂಗಡಿಯಿಂದ ಎರಡು ನಮೂನೆಯ 400 ತಂದು, ಇದು ಯಾಕೆ ಹೀಗೆ ಅಂತ ತಲೆ ಕೆರೆದುಕೊಳ್ಳುವವರು ಬಹಳ ಮಂದಿ.

ಮೆಟ್ಟಿಲು ಹಾರಬೇಡ. 80ರಿಂದ ಒಮ್ಮೆಗೇ 320ಕ್ಕೆ ಜಿಗಿದರೆ 320 ಏನು ಮಾಡುತ್ತದೆ ಗೊತ್ತೇ? 80ರ ಗೀರುಗಳ ದಿಬ್ಬವನ್ನು ಹೊಳೆಸುತ್ತದೆ, ಕಣಿವೆ ಹಾಗೇ ಉಳಿಯುತ್ತದೆ. ಕೈಗೆ ನುಣ್ಣಗೆ ಅನ್ನಿಸುತ್ತದೆ, ಬಣ್ಣ ಹೊಡೆದಾಗ ಕಣಿವೆ ಮೇಲೇಳುತ್ತದೆ. 80, 120, 180, ಆಮೇಲೆ 240. ಅದರ ಮೇಲೆ ಪ್ರೈಮರ್. ಪ್ರೈಮರ್ ಒಣಗಿದ ಮೇಲೆ 320, ಬಣ್ಣದ ಮುಂಚೆ 400. ಎಲ್ಲ ಕೆಲಸಕ್ಕೂ ಇದೇ ಪಟ್ಟಿ ಅಂತಲ್ಲ. ಯಾರ ಕಣ್ಣಿಗೂ ಬೀಳದ ಟ್ಯಾಂಕಿಯ ತಳಕ್ಕೆ 120 ಸಾಕು, ಅಲ್ಲಿ 400 ಹಿಡಿದು ಕೂತರೆ ಮಾಲೀಕನ ಹಣವೂ ದಂಡ, ನಿನ್ನ ಹೊತ್ತೂ ದಂಡ. ಒಂದು ಕಾಗದದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಇಡೀ ಜಾಗದ ಮೇಲೆ ಪೆನ್ಸಿಲ್ಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆ. ಹೊಸ ಕಾಗದ ಆ ಗೆರೆಗಳನ್ನೆಲ್ಲ ಅಳಿಸುವವರೆಗೆ ತಿಕ್ಕು. ಗೆರೆ ಎಲ್ಲಿ ಉಳಿಯಿತೋ ಅಲ್ಲಿ ತಗ್ಗು. ಇಷ್ಟು ಅಗ್ಗದ ಪರೀಕ್ಷೆ ಬೇರೆ ಇಲ್ಲ, ನೀನು ಮಾತ್ರ ಮಾಡುವುದಿಲ್ಲ.

ಫೌಂಡ್ರಿಯ ಮರಳಿನಲ್ಲಿ ಅಚ್ಚು ಒತ್ತುವ ಪ್ಯಾಟರ್ನ್ ಕೆಲಸಕ್ಕೆ ಬಂದರೆ ನಾನು ಇನ್ನೂ ಸ್ವಲ್ಪ ಕಟು. ಬೆಳಗಾವಿಯ ಹೊಟ್ಟೆ ಹೊರೆಯುವ ಕಸುಬುಗಳಲ್ಲಿ ಫೌಂಡ್ರಿ ದೊಡ್ಡದು. ಉದ್ಯಮಬಾಗು, ಮಚ್ಛೆ ಸುತ್ತಿದರೆ ಕಾಸ್ಟಿಂಗ್ ಕಾಣದ ಓಣಿ ಕಡಿಮೆ. ಸಾಗವಾನಿ ಪ್ಯಾಟರ್ನ್, ಅಲ್ಯೂಮಿನಿಯಂ ಪ್ಯಾಟರ್ನ್, ಎಪಾಕ್ಸಿಯ ಪ್ಯಾಟರ್ನ್, ಮೂರೂ ಮರಳಿನ ಏಟು ತಿನ್ನುತ್ತವೆ. ದಿನಾ ಮರಳು ಬಡಿಯುವಲ್ಲಿ ಮೂಲೆ ಸವೆಯುತ್ತದೆ, ಅಂಚು ಮುಕ್ಕಾಗುತ್ತದೆ, ಅಲ್ಲಿ ಎಪಾಕ್ಸಿ ತುಂಬಿ ತಿಕ್ಕಲು ನಿನ್ನ ಕೈಗೆ ಬರುತ್ತದೆ. ಇಲ್ಲಿ ನೀನು ಬಿಟ್ಟ ಗೀರನ್ನು ಬಣ್ಣ ತೋರಿಸಿ ಸುಮ್ಮನಾಗುವುದಿಲ್ಲ. ಗೀರು ಮರಳಿಗೆ ಇಳಿಯುತ್ತದೆ, ಮರಳಿನಿಂದ ಬೀಡುಕಬ್ಬಿಣಕ್ಕೆ ಇಳಿಯುತ್ತದೆ. ಒಂದು ಪ್ಯಾಟರ್ನಿನಿಂದ ಎಷ್ಟು ಕಾಸ್ಟಿಂಗ್ ಹೊರಡುತ್ತವೋ ಅಷ್ಟರ ಮೈಮೇಲೂ ನಿನ್ನ ಅವಸರದ ಸಹಿ.

ಅದಕ್ಕಿಂತ ಮುಖ್ಯವಾದದ್ದು ಗೀರಿನ ದಿಕ್ಕು. ಪ್ಯಾಟರ್ನನ್ನು ಮರಳಿನಿಂದ ಮೇಲಕ್ಕೆ ಎತ್ತುವಾಗ ಅಡ್ಡ ಗೀರುಗಳು ಮರಳನ್ನು ಹಿಡಿದು ಎಳೆಯುತ್ತವೆ, ಮೋಲ್ಡಿನ ಅಂಚು ಹರಿದು ಬೀಳುತ್ತದೆ. ಗೋಡೆಯ ಓರೆ, ಅಂದರೆ ಡ್ರಾಫ್ಟ್, ಸರಿ ಇದ್ದರೂ ಯಾಕೆ ಮೋಲ್ಡ್ ಒಡೆಯುತ್ತಿದೆ ಅಂತ ಮೋಲ್ಡರ್ ಒದ್ದಾಡುತ್ತಾನೆ. ಆದ್ದರಿಂದ ಕೊನೆಯ ಎರಡು ಕಾಗದಗಳನ್ನು ಎತ್ತುವ ದಿಕ್ಕಿನಲ್ಲೇ ಎಳೆ. ಆರ್ಬಿಟಲ್ ಮಷೀನು ಗುಂಡಗೆ ಗೀರುತ್ತದೆ, ಪ್ಯಾಟರ್ನಿನ ನಿಲುವು ಗೋಡೆಗಳಲ್ಲಿ ಅದನ್ನು ಬಿಟ್ಟು ಕೈಯಿಂದ ಮುಗಿಸು. ಕೋರ್ ಬಾಕ್ಸಿಗೂ ಇದೇ ಮಾತು.

ಸಾಗವಾನಿಯ ನಡುವೆ ಎಪಾಕ್ಸಿಯ ತೇಪೆ ಇದ್ದಾಗ ಬರಿ ಬೆರಳಿಗೆ ಕಾಗದ ಸುತ್ತಿ ತಿಕ್ಕಬೇಡ. ಮರ ಮೆತ್ತಗೆ, ತೇಪೆ ಗಟ್ಟಿ. ಬೆರಳು ಮೆತ್ತಗಿನ ಕಡೆಗೆ ವಾಲುತ್ತದೆ, ಮರ ಸವೆದು ತೇಪೆ ಗುಡ್ಡದಂತೆ ನಿಲ್ಲುತ್ತದೆ. ಮೊದಲು ಕಾನಸಿನಿಂದ ತೇಪೆಯನ್ನಷ್ಟೇ ಇಳಿಸು. ಆಮೇಲೆ ಸಪಾಟಾದ ಗಟ್ಟಿ ಕಟ್ಟಿಗೆಯ ತುಂಡಿಗೆ ಕಾಗದ ಸುತ್ತಿ ಎರಡನ್ನೂ ಒಟ್ಟಿಗೆ ಎಳೆ. ಬೊಂಬೆಯ ಮುರಿದ ಬೆರಳು, ಮೂಗಿನ ತುದಿ ಇಂಥ ಕಡೆ ಮಾತ್ರ ಸ್ಪಂಜಿಗೆ ಸುತ್ತಿದ ಕಾಗದ.

ಫೈಬರಿನಲ್ಲಿ ಬಿರುಕು ರಿಪೇರಿ ಮಾಡುವಾಗ ನಿನ್ನ ಒರಟು ಕಾಗದಕ್ಕೆ ನಿಜವಾದ ಕೆಲಸ ಇದೆ. ಬಿರುಕಿನ ಸುತ್ತ ಇಳಿಜಾರು ಮಾಡಬೇಕು. ಭಾರ ಹೊರುವ ಜಾಗವಾದರೆ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು. ಮೂರು ಮಿಲಿಮೀಟರ್ ದಪ್ಪದ ಹಾಳೆಗೆ ಪ್ರತಿ ಕಡೆಗೂ 36 ಮಿಲಿಮೀಟರ್. ನೀನು ಹತ್ತಕ್ಕೇ ಸಾಕು ಅಂತ ನಿಲ್ಲಿಸುತ್ತೀ, ಮೇಲೆ ಮ್ಯಾಟ್ ಹೆಚ್ಚು ಹಾಕಿ ಸರಿಮಾಡುತ್ತೇನೆ ಅನ್ನುತ್ತೀ. ಆಗುವುದಿಲ್ಲ. ಬಲ ಬರುವುದು ಹಳೆ ನಾರಿಗೂ ಹೊಸ ನಾರಿಗೂ ನಡುವಿನ ಅಂಟುವ ಜಾಗದಿಂದ, ಮೇಲೆ ಗುಡ್ಡೆ ಹಾಕಿದ ಮ್ಯಾಟಿನಿಂದ ಬರುವುದಿಲ್ಲ. 40 ಅಥವಾ 60ರ ಡಿಸ್ಕು ಹಿಡಿದು ಇಳಿಜಾರು ಮಾಡು, 80ರಲ್ಲಿ ಮುಗಿಸು, ಅಷ್ಟಕ್ಕೇ ಬಿಡು. ರಿಪೇರಿ ಬಿಗಿದ ಮೇಲೆ ಸಪಾಟು ಮಾಡುವ ಭರದಲ್ಲಿ ಹೊಸ ನಾರನ್ನೇ ಕೊರೆದು ತೆಗೆಯಬೇಡ. ನಾರು ಕಂಡಲ್ಲಿ ನಿಲ್ಲು. ತಗ್ಗು ಉಳಿದಿದ್ದರೆ ಪುಟ್ಟಿ ತುಂಬು. ನೆಟ್ಟಗೆ ಕಾಣಲಿ ಅಂತ ನಾರು ಕಡಿದವನ ರಿಪೇರಿ ನೋಡಲು ಚೆಂದ, ಒದ್ದರೆ ಮುರಿಯುತ್ತದೆ.

ನೀರು ಹಾಕಿ ತಿಕ್ಕುವುದನ್ನು ನೀನು ಹಳೇ ಕಾಲದ ಪದ್ಧತಿ ಅನ್ನುತ್ತೀ. ಅದರ ಹಿಂದೊಂದು ಕಥೆ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರಾನ್ಸಿಸ್ ಓಕಿ ಎಂಬ ಶಾಯಿ ತಯಾರಕ ನೀರಿಗೆ ಹೆದರದ ಕಾಗದ ಮಾಡಿದ್ದ. ಕಾಳಿನ ಮಾದರಿ ಕಳಿಸಿ ಎಂದು ಅವನು ಬರೆದ ಪತ್ರದ ಜಾಡು ಹಿಡಿದು 3ಎಂ ಕಂಪನಿ 1921ರಲ್ಲಿ ಆ ಕಾಗದದ ಹಕ್ಕನ್ನು ಕೊಂಡಿತು. ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜುಗಳಲ್ಲಿ ಆಗ ಬಣ್ಣದಲ್ಲಿ ಸೀಸ ಇರುತ್ತಿತ್ತು, ಒಣಗಾಗಿ ತಿಕ್ಕಿದರೆ ಆ ಧೂಳು ಕೆಲಸಗಾರರ ಎದೆಗೆ ಇಳಿಯುತ್ತಿತ್ತು. ನೀರು ಧೂಳನ್ನು ಹಿಡಿದಿಟ್ಟಿತು. ಇವತ್ತಿಗೂ ಅದರ ದೊಡ್ಡ ಉಪಕಾರ ಅದೇ. ಜೊತೆಗೆ ಬಿಸಿ ಏರುವುದಿಲ್ಲ, ಕಾಗದ ತುಂಬುವುದಿಲ್ಲ. 320 ದಾಟಿದ ಮೇಲೆ ಎಪಾಕ್ಸಿ ಪ್ರೈಮರ್, ಬಣ್ಣ ಇವುಗಳ ಮೇಲೆ ನೀರನ್ನೇ ಬಳಸು. ಗಾಜುನಾರು ಬಿಚ್ಚಿದ ಜಾಗ, ಪಾಲಿಯೆಸ್ಟರ್ ಪುಟ್ಟಿ, ಬರಿ ಮರ, ಈ ಮೂರರ ಹತ್ತಿರ ನೀರು ತರಬೇಡ. ಅವು ನೀರು ಕುಡಿದು ಒಳಗೆ ಇಟ್ಟುಕೊಳ್ಳುತ್ತವೆ.

ಧೂಳಿನ ಮಾತು ಬಂತಲ್ಲ, ಇಲ್ಲಿ ನಾನು ನಗುವುದಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ಮುಖ ಬೆಳ್ಳಗೆ ಮಾಡಿಕೊಂಡು ನಿಲ್ಲುತ್ತೀಯಲ್ಲ, ಅದನ್ನು ಇವತ್ತೇ ಬಿಡು. ಟವೆಲ್ ದೊಡ್ಡ ಕಣ ತಡೆಯುತ್ತದೆ, ಎದೆಯ ಆಳಕ್ಕೆ ಇಳಿಯುವ ಸಣ್ಣ ಕಣವನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ಹಾಕು, ಮೂಗಿನ ಪಟ್ಟಿ ಒತ್ತಿ ಕೂರಿಸು. ನಮ್ಮ ಕಡೆ ಧೂಳಿನ ಕಾಯಿಲೆ ಹೊಸದಲ್ಲ. ಫೌಂಡ್ರಿಯ ಮರಳು, ಖಾನಾಪುರದ ಕುಂಬಾರಿಕೆಯ ಜೇಡಿ, ಕಲ್ಲು ಒಡೆಯುವ ಕ್ರಷರ್, ಎಲ್ಲ ಕಡೆ ಸಿಲಿಕಾ ಇದೆ. ಅದು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಅದರಿಂದ ಬರುವ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಇತ್ತು. ಗಾಜುನಾರಿನ ಧೂಳು ಸಿಲಿಕೋಸಿಸ್ ತರುವುದಿಲ್ಲ, ಅದು ಬೇರೆ ಜಾತಿಯ ಗಾಜು. ಆದರೆ ಮೈಯೆಲ್ಲ ಚುಚ್ಚುತ್ತದೆ, ಕಣ್ಣು ಗಂಟಲು ಉರಿಸುತ್ತದೆ. ಪೂರಾ ಬಿಗಿಯದ ಎಪಾಕ್ಸಿಯ ಧೂಳು ಅದಕ್ಕಿಂತ ಕಪಟಿ. ಮೊದಮೊದಲು ಏನೂ ಮಾಡುವುದಿಲ್ಲ. ಒಂದು ದಿನ ಮೈ ಅದನ್ನು ಶತ್ರು ಅಂತ ಗುರುತಿಸಿದರೆ ಮುಗಿಯಿತು, ಆಮೇಲೆ ಡಬ್ಬಿಯ ಮುಚ್ಚಳ ತೆರೆದರೂ ಕೈಮೇಲೆ ದದ್ದು ಏಳುತ್ತದೆ. ಚಲೋ ಕೈಯವರು ಅದೇ ಕಾರಣಕ್ಕೆ ಈ ಕಸುಬು ಬಿಡಬೇಕಾಗಿ ಬಂದದ್ದಿದೆ. ಕಾಯಿ ಅಂತ ಅಷ್ಟು ಸಲ ಹೇಳಿದ್ದಕ್ಕೆ ಇದೂ ಒಂದು ಕಾರಣ.

ತುಂಬುತೋಳಿನ ಅಂಗಿ ಹಾಕು, ಕನ್ನಡಕ ಹಾಕು. ಕೆಲಸ ಮುಗಿದ ಮೇಲೆ ಕಂಪ್ರೆಸರ್ ಗಾಳಿಯಿಂದ ಮೈ ಜಾಡಿಸಿಕೊಳ್ಳುವ ಚಟ ಇದೆಯಲ್ಲ, ಅದು ನಾರನ್ನು ಚರ್ಮದೊಳಗೆ ಇನ್ನೂ ಚುಚ್ಚುತ್ತದೆ. ತಣ್ಣೀರಿನಲ್ಲಿ ತೊಳೆ, ತಿಕ್ಕದೆ ಹರಿಯಬಿಡು. ಬಿಸಿನೀರು ಆಮೇಲೆ. ಆ ಅಂಗಿಯನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕಬೇಡ, ಮನೆಯಲ್ಲಿ ಸಣ್ಣ ಕೂಸು ಇದೆ. ಮಷೀನಿಗೆ ಧೂಳು ಎಳೆಯುವ ಚೀಲವೋ ವ್ಯಾಕ್ಯೂಮೋ ಹಚ್ಚಲು ಮಾಲೀಕನನ್ನು ಕೇಳು. ಸುಮ್ಮನೆ ಕೇಳಿದರೆ ಕೊಡದಿದ್ದರೆ, ಧೂಳು ಎಳೆದರೆ ಡಿಸ್ಕು ಹೆಚ್ಚು ದಿನ ಬಾಳುತ್ತದೆ ಅಂತ ಹೇಳು. ಅದು ಸತ್ಯ, ಕಾಳುಗಳ ನಡುವೆ ಪುಡಿ ನಿಲ್ಲದಿದ್ದರೆ ಅವು ಕೊರೆಯುತ್ತಲೇ ಇರುತ್ತವೆ. ದುಡ್ಡಿನ ಭಾಷೆ ಬೇಗ ತಿಳಿಯುವವರಿಗೆ ದುಡ್ಡಿನ ಭಾಷೆಯಲ್ಲೇ ಹೇಳು.

ಇನ್ನು ನಿನ್ನ ಕಾಗದದ ಡಬ್ಬಿ. ಎಲ್ಲ ನಂಬರುಗಳನ್ನೂ ಒಂದೇ ತಗಡಿನ ಡಬ್ಬಿಯಲ್ಲಿ ತುರುಕಿ ಇಟ್ಟಿದ್ದೀ. 60ರಿಂದ ಉದುರಿದ ಒಂದೇ ಕಾಳು 400ರ ಹಾಳೆಗೆ ಅಂಟಿಕೊಂಡರೆ ಒಂದು ಮಧ್ಯಾಹ್ನದ ಕೆಲಸದ ಮೇಲೆ ಉದ್ದ ಗೀರು ಎಳೆಯುತ್ತದೆ, ಅದು ಎಲ್ಲಿಂದ ಬಂತು ಅಂತ ನಿನಗೆ ತಿಳಿಯುವುದೂ ಇಲ್ಲ. ನಂಬರಿಗೊಂದು ಲಕೋಟೆ ಮಾಡು, ಮೇಲೆ ದಪ್ಪಗೆ ಬರಿ. ಮಳೆಗಾಲದಲ್ಲಿ ಲಕೋಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡು, ತೇವ ಕುಡಿದ ಕಾಗದ ಕಾಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದು ನಂಬರು ಮುಗಿಸಿ ಮುಂದಿನದಕ್ಕೆ ಹೋಗುವಾಗ ಮೇಲ್ಮೈಯನ್ನೂ, ಕಟ್ಟಿಗೆಯ ತುಂಡನ್ನೂ, ನಿನ್ನ ಅಂಗೈಯನ್ನೂ ಒರೆಸು.

ಕೊನೆಗೆ ನೋಡುವುದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡ. ಬ್ಯಾಟರಿಯನ್ನು ಮೇಲ್ಮೈಗೆ ಸಮನಾಗಿ, ಪಕ್ಕದಿಂದ ಹಿಡಿ. ಮೇಲಿನ ಬೆಳಕಿನಲ್ಲಿ ಅಡಗಿದ ಗೀರು ಪಕ್ಕದ ಬೆಳಕಿನಲ್ಲಿ ನೆರಳು ಚೆಲ್ಲುತ್ತದೆ. ಗೀರು ಕಂಡರೆ ಈಗ ಕೈಯಲ್ಲಿರುವ ಸಣ್ಣ ಕಾಗದದಿಂದ ಅಲ್ಲೇ ಗುಂಡಿ ಬೀಳುವ ಹಾಗೆ ಉಜ್ಜಬೇಡ. ಒಂದು ನಂಬರು ಹಿಂದಕ್ಕೆ ಹೋಗು, ಅಂಗೈ ಅಗಲದ ಜಾಗವನ್ನು ಪೂರಾ ತಿಕ್ಕಿ ಮತ್ತೆ ಮೇಲೆ ಬಾ. ಅಂಚು ಮತ್ತು ಮೂಲೆಗಳನ್ನು ಎಲ್ಲದರ ಕೊನೆಗೆ ಇಟ್ಟುಕೋ. ಅಲ್ಲಿ ಕಾಗದ ಬಹಳ ಬೇಗ ಕೊರೆಯುತ್ತದೆ, ಮಷೀನು ಬೇಡ, ಎರಡು ಬೆರಳಿನ ಒತ್ತು ಸಾಕು.